ಹೆಪ್ಪು ಮರಳು

ಆ ಮಂಗಳವಾರ ನಮ್ಮ ಮನೆಯ ಕಡಲು ಏರಲಿಲ್ಲ.

ಬೀದಿಯ ಉಳಿದ ಮನೆಗಳಲ್ಲಿ ಹನ್ನೊಂದೂಕಾಲಿಗೆ ನೀರು ಮೇಲೇಳತೊಡಗಿತ್ತು. ಅದನ್ನು ತಿಳಿಯಲು ಯಾರ ಮನೆಯೊಳಗೂ ಹೋಗಬೇಕಿಲ್ಲ. ಆ ಹೊತ್ತಿಗೆ ನಮ್ಮೂರಿನ ಹೆಂಗಸರು ಆಡುತ್ತಿದ್ದ ಮಾತನ್ನು ಅರ್ಧಕ್ಕೇ ಬಿಡುತ್ತಾರೆ, ಕ್ಷೌರದಂಗಡಿಯಲ್ಲಿ ಕತ್ತಿ ಗಿರಾಕಿಯ ಕೆನ್ನೆಯಿಂದ ಒಂದಿಂಚು ದೂರದಲ್ಲಿ ನಿಲ್ಲುತ್ತದೆ, ಶಾಲೆಯಲ್ಲಿ ನನ್ನಂಥ ಟೀಚರುಗಳು ಸೀಮೆಸುಣ್ಣ ಕೆಳಗಿಡುತ್ತಾರೆ. ಒಂದು ನಿಮಿಷ, ಹೆಚ್ಚೆಂದರೆ ಎರಡು. ಊರಿಗೆ ಊರೇ ಗಾಜಿನ ಕಡೆ ತಿರುಗಿ, ನೀರಿನ ಅಂಚು ಮೊದಲ ಬಾರಿಗೆ ಕೂದಲೆಳೆಯಷ್ಟು ಮೇಲೆ ಸರಿಯುವುದನ್ನು ನೋಡುತ್ತದೆ. ಆಮೇಲೆ ಮಾತು ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ಆ ದಿನ ಶಾಲೆಗೆ ರಜೆ ಹಾಕಿದ್ದ ನಾನು, ಅಪ್ಪ, ಅವ್ವ ಮೂವರೂ ನಮ್ಮ ಗಾಜಿನ ಮುಂದೆ ನಿಂತಿದ್ದೆವು. ನೀರು ಬಕೆಟ್ಟಿನ ನೀರಿನಂತೆ ಸುಮ್ಮನಿತ್ತು.

ಸಮುದ್ರ ನಮ್ಮೂರಿನಿಂದ ಎರಡು ದಿನದ ಬಸ್ಸಿನ ದಾರಿ. ನೋಡಿದವರು ಕಡಿಮೆ. ನೋಡಿ ಬಂದವರೂ ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ದೊಡ್ಡದು, ಆದರೆ ಗದ್ದಲ ಜಾಸ್ತಿ ಎನ್ನುತ್ತಾರೆ. ನಮ್ಮ ಸುತ್ತ ಇರುವುದು ಬಂಡೆ, ಜಾಲಿ, ಮತ್ತೆ ಬಂಡೆ. ಆದರೂ ಪ್ರತಿ ಮನೆಯ ನಡುಕೋಣೆಯಲ್ಲಿ ಒಂದು ಗಾಜಿನ ತೊಟ್ಟಿ, ಅದರಲ್ಲಿ ಉಪ್ಪುನೀರು, ಮರಳು, ಕಲ್ಲು, ಒಂದು ಮೀನು. ದಿನಕ್ಕೆರಡು ಸಲ ನೀರು ನಾಲ್ಕು ಬೆರಳು ಏರುತ್ತದೆ, ನಾಲ್ಕು ಬೆರಳು ಇಳಿಯುತ್ತದೆ. ಇಳಿದ ನೀರು ಎಲ್ಲಿಗೆ ಹೋಗುತ್ತದೆ ಎಂದು ಹೊಸಬರು ಕೇಳುತ್ತಾರೆ. ನಾವು ಅವರಿಗೆ ಟೀ ಕೊಡುತ್ತೇವೆ. ಏರಿಕೆ ದಿನಕ್ಕೆ ಮುಕ್ಕಾಲು ಗಂಟೆ ತಡವಾಗುತ್ತ ಹೋಗುವುದರಿಂದ ಶಾಲೆಯ ಗಂಟೆಯೂ ಅದರ ಹಿಂದೆಯೇ ಹೋಗುತ್ತದೆ, ಮಧ್ಯಾಹ್ನದ ಊಟವೂ ಹೋಗುತ್ತದೆ. ಕೆಲವು ವಾರ ನಾವು ಬೆಳಿಗ್ಗೆ ಒಂಬತ್ತಕ್ಕೇ ಮುದ್ದೆ ಉಣ್ಣುತ್ತೇವೆ.

ಅಪ್ಪ ಗವಿರಂಗಪ್ಪ ಊರಿನ ಅರ್ಧ ತೊಟ್ಟಿಗಳನ್ನು ಕಟ್ಟಿದವನು. ಗಾಜು ಅಂಟಿಸುವುದು, ಉಪ್ಪು ಬೆರೆಸುವುದು, ಕಲ್ಲು ಜೋಡಿಸುವುದು, ಎಲ್ಲ ಅವನ ಕೈ. ಅಂಥವನ ಸ್ವಂತ ಮನೆಯ ಮರಳೇ ಆ ವರ್ಷ ಅಡಿಯಿಂದ ಕಪ್ಪಾಗುತ್ತ ಬಂತು. ಮೊದಲು ಮೂಲೆಯಲ್ಲೊಂದು ಕಲೆ, ಆಮೇಲೆ ಇಡೀ ತಳ. ಕಡ್ಡಿ ಆಡಿಸಿದರೆ ಕೊಳೆತ ಮೊಟ್ಟೆಯ ನಾತದ ಗುಳ್ಳೆ ಏಳುತ್ತಿತ್ತು. ಏರಿಕೆ ನಾಲ್ಕು ಬೆರಳಿನಿಂದ ಮೂರಕ್ಕೆ, ಎರಡಕ್ಕೆ ಇಳಿಯಿತು. ಕೊನೆಗೆ ಅಪ್ಪ ಸೋಮವಾರ ಎಲ್ಲವನ್ನೂ ಹೊರಗೆ ತೆಗೆದ. ಒಂದು ಹಿಡಿ ಹಳೆಯ ಮರಳನ್ನೂ ಉಳಿಸಿಕೊಳ್ಳುವಂತಿರಲಿಲ್ಲ, ಎಲ್ಲಕ್ಕೂ ಕೆಟ್ಟದ್ದು ತಗುಲಿತ್ತು. ಹೊಸ ಬಿಳಿ ಮರಳು ಬಂತು, ಮೂಳೆಯಂಥ ಒಣಕಲ್ಲು ಬಂತು, ಹೊಸ ಉಪ್ಪುನೀರು ತುಂಬಿತು. ನಮ್ಮ ಮೀನು ಕೆಂಚ ಹಿತ್ತಿಲ ಬಾಗಿಲ ಪಕ್ಕದ ನೀಲಿ ಪ್ಲಾಸ್ಟಿಕ್ ಟಬ್ಬಿಗೆ ಹೋದ.

ಕೆಂಚ ಕಿತ್ತಳೆ ಬಣ್ಣದವನು, ಮೈಮೇಲೆ ಮೂರು ಬಿಳಿ ಪಟ್ಟಿ, ನನ್ನ ಹೆಬ್ಬೆರಳಿಗಿಂತ ತುಸು ದೊಡ್ಡವನು. ನಾನು ಏಳು ವರ್ಷದವಳಿದ್ದಾಗ ಬಂದವನು. ಈಗ ನನಗೆ ಇಪ್ಪತ್ತಾರು. ಅವನು ಅಪ್ಪನ ಬೆರಳಿನಿಂದ ಮಾತ್ರ ತಿನ್ನುತ್ತಿದ್ದ. ನಾನು ಅದೇ ತುಣುಕನ್ನು ಹಿಡಿದರೆ ನನ್ನ ಮುಖ ನೋಡಿ ಕಲ್ಲಿನ ಹಿಂದೆ ಹೋಗುತ್ತಿದ್ದ. ಟಬ್ಬಿನ ನೀರು ಒಂದೇ ದಿನಕ್ಕೆ ಕೆಡುತ್ತದೆ, ಬೆಳಿಗ್ಗೆ ಸಂಜೆ ಅರ್ಧರ್ಧ ಬದಲಿಸಬೇಕು. ಎಷ್ಟು ಬದಲಿಸಿದರೂ ಟಬ್ಬಿನಲ್ಲಿ ನಲವತ್ತು ದಿನ ದಾಟಿದ ಮೀನನ್ನು ಅಪ್ಪ ತನ್ನ ಜೀವಮಾನದಲ್ಲಿ ಕಂಡಿರಲಿಲ್ಲ. ಬೇರೆಯವರ ತೊಟ್ಟಿಗೆ ಬಿಡೋಣವೆಂದರೆ ಅಲ್ಲಿರುವ ಮೀನು ಕಚ್ಚಿ ಕೊಲ್ಲುತ್ತದೆ.

"ನಲವತ್ತು ದಿನ ಯಾಕೆ, ಮೂವತ್ತರೊಳಗೆ ನಮ್ಮ ಕಡಲು ಎದ್ದೇಳ್ತದೆ ನೋಡು" ಎಂದ ಅಪ್ಪ.

"ಎದುರುಮನೆಗೆ ಹೋಗಿ ಒಂದು ಹಿಡಿ ಹೆಪ್ಪು ಕೇಳಿದ್ರೆ ಹತ್ತೇ ದಿನಕ್ಕೆ ಏಳ್ತಿತ್ತು" ಎಂದಳು ಅವ್ವ. "ಹಾಲು ಇಟ್ಕಂಡು ಹೆಪ್ಪು ಹಾಕ್ದೆ ಮೊಸರಾಗ್ಲಿ ಅಂತ ಕಾಯೋ ಗಂಡಸು ಇಡೀ ಊರಲ್ಲಿ ಇವನೊಬ್ನೇ."

ಹೊಸ ತೊಟ್ಟಿಯಲ್ಲಿ ನೀರಿರುತ್ತದೆ, ಆದರೆ ಯಾರೂ ಇರುವುದಿಲ್ಲ. ಇರಬೇಕಾದವರು ಕಣ್ಣಿಗೆ ಕಾಣದವರು. ಮರಳಿನ ಒಂದೊಂದು ಕಣಕ್ಕೂ, ಕಲ್ಲಿನ ಒಂದೊಂದು ತೂತಿಗೂ ಅವರು ಬಂದು ಕೂರಬೇಕು. ಅವರನ್ನು ಕರೆಯುವ ಬಗೆ ವಿಚಿತ್ರ: ತೊಟ್ಟಿಯೊಳಗೆ ಏನಾದರೂ ಸತ್ತದ್ದನ್ನು ಹಾಕಬೇಕು. ಅಪ್ಪ ಒಂದು ಸೀಗಡಿಯನ್ನು ದಾರಕ್ಕೆ ಕಟ್ಟಿ ಬಿಟ್ಟ. ಅದು ಕೊಳೆತು ನೀರಲ್ಲಿ ವಿಷವಾಗುತ್ತದೆ. ಆ ವಿಷ ತಿನ್ನುವವರು ಮೊದಲು ಬರುತ್ತಾರೆ. ಅವರು ತಿಂದು ಬಿಟ್ಟದ್ದು ಎರಡನೆಯ ವಿಷ. ಅದನ್ನು ತಿನ್ನುವವರು ಆಮೇಲೆ, ತಮ್ಮದೇ ಸಾವಕಾಶದಲ್ಲಿ ಬರುತ್ತಾರೆ. ಎರಡೂ ವಿಷ ತೀರಿದ ದಿನ ನೀರು ಏರುತ್ತದೆ, ಅಲ್ಲಿಯತನಕ ಇಲ್ಲ. ಅವರಾಗಿಯೇ ಬರಲಿ ಎಂದು ಬಿಟ್ಟರೆ ಎಷ್ಟು ದಿನವೋ ಹೇಳಲಾಗದು. ಅದಕ್ಕೇ ನಮ್ಮೂರಲ್ಲಿ ಹೆಪ್ಪು ಕೇಳುವ ಪದ್ಧತಿ: ಜೀವ ಕೂತಿರುವ ಒಂದು ಹಿಡಿ ಮರಳು. ತೊಟ್ಟಿ ಕಟ್ಟಿದವರೇ, ನೀರು ಇಳಿದಿರುವ ಹೊತ್ತಿನಲ್ಲಿ, ಬಟ್ಟಲು ಹಿಡಿದು, ತಮ್ಮ ಬಾಗಿಲಿಗೆ ಎದುರಾಗಿರುವ ಮನೆಯಲ್ಲಿ ಕೇಳಬೇಕು. ಪಕ್ಕದ ಮನೆಯದು ಹತ್ತುವುದಿಲ್ಲ, ಬೇರೆ ಬೀದಿಯದಂತೂ ಇಲ್ಲವೇ ಇಲ್ಲ.

ನಮ್ಮ ಎದುರುಮನೆ ಓಬಕ್ಕನದು.

ಹನ್ನೊಂದು ವರ್ಷದ ಹಿಂದೆ ಓಬಕ್ಕನ ಕಲ್ಲುಗಳ ಮೇಲೆ ಪಾಚಿ ಕವಿದಾಗ ಅವಳು ಅಪ್ಪನನ್ನು ಕೇಳಿದಳು. ಆಗ ಅಪ್ಪನಿಗೆ ಶುಚಿಯ ಹುಚ್ಚು. ಕಲ್ಲುಗಳನ್ನು ಹಂಡೆಯಲ್ಲಿ ಕುದಿಸು, ಮರಳನ್ನು ನಲ್ಲಿ ನೀರಲ್ಲಿ ಏಳು ಸಲ ತೊಳೆ ಎಂದ. ಅವಳು ಹಾಗೆಯೇ ಮಾಡಿದಳು. ಎಲ್ಲ ಸ್ವಚ್ಛವಾಯಿತು, ಎಲ್ಲ ಸತ್ತಿತು. ಅವಳು ಬಟ್ಟಲು ಹಿಡಿದು ನಮ್ಮ ಬಾಗಿಲಿಗೆ ಬಂದಳು. ನಾನು ಹೊಸ್ತಿಲ ಒಳಗೆ ನಿಂತಿದ್ದೆ. "ಹೆಪ್ಪು ಗಿಪ್ಪು ಎಲ್ಲ ಅಜ್ಜಿಯರ ಮಾತು ಓಬಕ್ಕ, ನೀರು ಶುದ್ಧ ಇದ್ರೆ ತಾನೇ ಏಳ್ತದೆ" ಎಂದು ಅಪ್ಪ ನಕ್ಕು ಬರಿ ಬಟ್ಟಲು ಕಳಿಸಿದ. ಅವಳ ಮೀನು ಹದಿನೇಳನೆಯ ದಿನ ಟಬ್ಬಿನಲ್ಲಿ ಸತ್ತಿತು. ಅವಳ ನೀರು ತಾನಾಗಿ ಏಳಲು ಐದು ತಿಂಗಳು ಹಿಡಿಯಿತು. ಆಮೇಲೆ ಅಪ್ಪ ಗುಟ್ಟಾಗಿ ಎಲ್ಲ ಕಲಿತ, ಯಾರಿಗೂ ಕಲ್ಲು ಕುದಿಸಲು ಹೇಳಲಿಲ್ಲ, ಎಲ್ಲರನ್ನೂ ಎದುರುಮನೆಗೆ ಕಳಿಸಿದ. ಓಬಕ್ಕನಿಗೆ ಮಾತ್ರ ಏನೂ ಹೇಳಲಿಲ್ಲ. ಅವಳು ತನ್ನ ನಡುಕೋಣೆಯ ಕಿಟಕಿಗೆ ಪರದೆ ಹಾಕಿದಳು. ಅಂದಿನಿಂದ ಬೀದಿಯವರು ಯಾರೂ ಅವಳ ಕಡಲನ್ನು ನೋಡಿರಲಿಲ್ಲ.

ಅಪ್ಪನಿಗೆ ಹಸಿರು ಹಳದಿಯ ವ್ಯತ್ಯಾಸ ಕಾಣದೆ ಎರಡು ವರ್ಷವಾಗಿತ್ತು. ಆದ್ದರಿಂದ ಪರೀಕ್ಷೆಯ ಕೆಲಸ ನನ್ನದು. ದಿನವೂ ಶಾಲೆ ಮುಗಿಸಿ ಬಂದು ಸಣ್ಣ ಗಾಜಿನ ನಳಿಕೆಯಲ್ಲಿ ತೊಟ್ಟಿಯ ನೀರು ಹಿಡಿದು, ಎಂಟು ಹನಿ ಮದ್ದು ಹಾಕಿ, ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದೆ. ಹಳದಿಯಾದರೆ ನೀರು ಒಳ್ಳೆಯದು, ಹಸಿರಾದರೆ ಮೊದಲ ವಿಷ. ಆರನೆಯ ದಿನ ಹಸಿರು ಬಂದಾಗ ಅಪ್ಪ ಹಬ್ಬದ ಥರ ಕೈ ಉಜ್ಜಿಕೊಂಡ. ಹತ್ತನೆಯ ದಿನ ಗಾಢ ಹಸಿರು. ಹದಿನೈದನೆಯ ದಿನ ಮರಳಿನ ಮೇಲೆ ಕಂದು ಧೂಳಿನಂಥದ್ದು ಹರಡಿತು. ಇಪ್ಪತ್ತನೆಯ ದಿನವೂ ಅದೇ ಗಾಢ ಹಸಿರು. ತಿನ್ನುವವರು ಯಾರೂ ಬಂದಿರಲಿಲ್ಲ.

"ಇವತ್ತು?" ಎಂದು ಅಪ್ಪ ನಳಿಕೆಯ ಕಡೆ ನೋಡದೆ ನನ್ನ ಮುಖ ನೋಡುತ್ತಿದ್ದ.

ಒಂದು ಸಲ ಸುಳ್ಳು ಹೇಳಿಬಿಡೋಣ ಅನಿಸಿತು. ಸ್ವಲ್ಪ ತಿಳಿಯಾಗಿದೆ ಎಂದರೆ ರಾತ್ರಿ ನಿದ್ದೆಯಾದರೂ ಮಾಡುತ್ತಾನೆ. ಆದರೆ ಅದನ್ನು ನಂಬಿ ಕೆಂಚನನ್ನು ಬಿಟ್ಟುಬಿಟ್ಟರೆ? "ಹಸಿರೇ" ಎಂದೆ.

ಮನೆಯಲ್ಲಿ ಏರಿಕೆ ಇಲ್ಲದಿದ್ದರೆ ದಿನಕ್ಕೆ ನಡುವಿಲ್ಲ. ಅವ್ವ ಎರಡೆರಡು ಸಲ ಅನ್ನಕ್ಕಿಡುತ್ತಿದ್ದಳು, ಒಮ್ಮೊಮ್ಮೆ ಇಡುವುದನ್ನೇ ಮರೆಯುತ್ತಿದ್ದಳು. ಬೀದಿಯೆಲ್ಲ ಸುಮ್ಮನಾಗುವ ಆ ಎರಡು ನಿಮಿಷ ನಾವು ಮೂವರು ಬೇಕೆಂದೇ ಪಾತ್ರೆ ಸದ್ದು ಮಾಡುತ್ತಿದ್ದೆವು.

ಇಪ್ಪತ್ತೆರಡನೆಯ ದಿನ ಕೆಂಚ ತಿನ್ನುವುದನ್ನು ನಿಲ್ಲಿಸಿದ. ಅಪ್ಪನ ಬೆರಳು ನೀರಲ್ಲಿ ಕಾಲು ಗಂಟೆ ಹಾಗೇ ಇತ್ತು. ಅಂದು ನಾನು ಅಪ್ಪನಿಗೆ ಹೇಳದೆ ಬಟ್ಟಲು ಹಿಡಿದು ಬೀದಿ ದಾಟಿದೆ.

ಓಬಕ್ಕ ಬಾಗಿಲಲ್ಲೇ ಹುಣಸೆ ಬಿಡಿಸುತ್ತ ಕೂತಿದ್ದಳು. ಬಟ್ಟಲನ್ನು ನೋಡಿದಳು, ನನ್ನನ್ನು ನೋಡಿದಳು.

"ಏನ್ ದಾಕ್ಷಿ ಟೀಚರು, ಸಾರಿಗೆ ಹುಣಸೇಹಣ್ಣು ಬೇಕಿತ್ತಾ?"

"ಓಬಕ್ಕ, ಕೆಂಚ ತಿಂತಿಲ್ಲ."

ಅವಳ ಕೈ ನಿಂತಿತು. "ಎಷ್ಟು ದಿನ ಆಯ್ತು ಟಬ್ಬಿಗೆ ಹಾಕಿ?"

"ಇಪ್ಪತ್ತೆರಡು."

"ತೊಟ್ಟಿ ಕಟ್ಟಿದ್ದು ನೀನಾ?"

"ಅಲ್ಲ."

"ಮತ್ತೆ ನಿನ್ನ ಕೈಲಿ ಕೊಟ್ರೆ ಹತ್ತಲ್ಲ ಕಣಮ್ಮ. ನಾನೇನು ಹಟಕ್ಕೆ ಹೇಳ್ತಿಲ್ಲ. ಕಟ್ಟಿದೋನು ಬರ್ಲಿ." ಒಂದು ಬೀಜ ಕಿತ್ತು ಪಕ್ಕಕ್ಕಿಟ್ಟಳು. "ನಾನಂತೂ ಬರಿ ಬಟ್ಟಲು ಕಳಿಸೋಳಲ್ಲ ಅಂತ ಹೇಳು" ಎಂದು ನನ್ನ ಬಟ್ಟಲಿಗೆ ಒಂದು ಮುದ್ದೆ ಹುಣಸೆ ಹಾಕಿದಳು.

ಅವ್ವ ಅದನ್ನು ನೋಡಿ ಬಿದ್ದೂ ಬಿದ್ದೂ ನಕ್ಕಳು. ಅಪ್ಪ ನಗಲಿಲ್ಲ. ಆಮೇಲೆ ನಾಲ್ಕು ದಿನ ಅವನು ಟಬ್ಬಿನ ನೀರನ್ನು ಮೂರು ಹೊತ್ತು ಬದಲಿಸಿದ. ಇಪ್ಪತ್ತಾರನೆಯ ದಿನ ಶನಿವಾರ. ಕೆಂಚ ಟಬ್ಬಿನ ತಳದಲ್ಲಿ ಒಂದು ಪಕ್ಕಕ್ಕೆ ವಾಲಿದ್ದ. ಒಂದು ರೆಕ್ಕೆ ಮಾತ್ರ ಆಡುತ್ತಿತ್ತು.

"ಗವಿರಂಗ" ಎಂದಳು ಅವ್ವ. ಅದುವರೆಗೆ ಅವಳು ಅಪ್ಪನ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿರಲಿಲ್ಲ. "ಈ ಮೀನು ಸತ್ರೆ ಅದು ನಿನ್ನ ನಾಲಿಗೆಯಿಂದ ಸತ್ತಂಗೆ. ಬರೀ ಒಂದು ಮಾತು. ಹೋಗಿ ಆಡಿ ಬಾ."

ಅಪ್ಪ ಮುಖ ತೊಳೆದ. ಯಾಕೋ ಶರ್ಟೂ ಬದಲಿಸಿದ. ನೀರು ಇಳಿಯುವ ಹೊತ್ತು ಮಧ್ಯಾಹ್ನ ಎರಡಕ್ಕೆ ಬಿದ್ದಿತ್ತು. ಆ ಉರಿಬಿಸಿಲಲ್ಲಿ, ಅರ್ಧ ಬೀದಿ ಕಿಟಕಿಯಲ್ಲಿ ನಿಂತು ನೋಡುತ್ತಿರುವಾಗ, ಬಟ್ಟಲು ಹಿಡಿದು ಬೀದಿ ದಾಟಿದ. ನಾನು ಹಿಂದೆಯೇ ಹೋದೆ. ಓಬಕ್ಕ ಎದ್ದು ನಿಂತಳು, ಆದರೆ ಬಾಗಿಲಿನಿಂದ ಸರಿಯಲಿಲ್ಲ.

"ಅವತ್ತು ಕಲ್ಲು ಕುದಿಸು ಅಂದದ್ದು ನನ್ನ ತಪ್ಪು" ಎಂದ ಅಪ್ಪ. ಶಾಲೆಯಲ್ಲಿ ಪಾಠ ಒಪ್ಪಿಸುವ ಹುಡುಗನಂತೆ ಒಂದೇ ಉಸಿರಿಗೆ. "ನೀನು ಬಟ್ಟಲು ಹಿಡ್ಕಂಡು ಬಂದಾಗ ನಕ್ಕಿದ್ದು ಅದಕ್ಕಿಂತ ದೊಡ್ಡ ತಪ್ಪು. ಒಂದು ತಿಂಗಳಿಗೇ ಗೊತ್ತಾಗಿತ್ತು ನನಗೆ. ಹೇಳ್ಳಿಲ್ಲ."

"ಒಂದು ತಿಂಗಳಿಗೇ ಗೊತ್ತಾಗಿತ್ತಾ?"

"ಹೂಂ."

"ನಾನು ಐದು ತಿಂಗಳು ಆ ನೀರಿನ ಮುಂದೆ ಕೂತಿದ್ನಲ್ಲೋ."

ಅಪ್ಪ ಬಟ್ಟಲು ಹಿಡಿದುಕೊಂಡೇ ತಲೆ ತಗ್ಗಿಸಿದ. ಓಬಕ್ಕ ಅಳುತ್ತಾಳೆ ಅಂದುಕೊಂಡೆ, ಬೈಯುತ್ತಾಳೆ ಅಂದುಕೊಂಡೆ. ಅವಳು "ಚಪ್ಪಲಿ ಬಿಟ್ಟು ಒಳಗೆ ಬಾ" ಎಂದಳು.

ನಡುಕೋಣೆ ಮಬ್ಬಾಗಿತ್ತು. ಅವಳು ಪರದೆ ಸರಿಸಿದಾಗ ಬಿಸಿಲು ನೇರ ಗಾಜಿನ ಮೇಲೆ ಬಿತ್ತು. ನಾನು ನೋಡಿದ್ದನ್ನು ಹೇಗೆ ಹೇಳಲಿ? ಎಲ್ಲರ ಮನೆಯಲ್ಲಿ ನಾವು ಮೊದಲು ಹುಡುಕುವುದು ಮೀನನ್ನು. ಅಲ್ಲಿ ಮೀನಿರಲಿಲ್ಲ. ಹುಡುಕಲು ಹೋದ ಕಣ್ಣಿಗೆ ಉಳಿದದ್ದೆಲ್ಲ ಒಟ್ಟಿಗೇ ನುಗ್ಗಿತು. ಅವಳು ಹಂಡೆಯಲ್ಲಿ ಕುದಿಸಿದ ಅದೇ ಕಲ್ಲುಗಳು ನೇರಳೆ, ಗುಲಾಬಿ, ಒದ್ದೆ ಇಟ್ಟಿಗೆಯ ಬಣ್ಣಗಳಿಂದ ಮುಚ್ಚಿಹೋಗಿದ್ದವು. ತೂತು ತೂತಿನಿಂದಲೂ ಗರಿಯಂಥ ಹುಳಗಳು ಹೊರಬಂದು ಬೀಸಣಿಗೆ ಬಿಚ್ಚಿದ್ದವು. ನಮ್ಮ ನೆರಳು ಬಿದ್ದದ್ದೇ ಅಷ್ಟೂ ಒಂದೇ ಕ್ಷಣಕ್ಕೆ ಮಾಯವಾದವು. ಅಕ್ಕಿಕಾಳಿಗಿಂತ ಚಿಕ್ಕ ಸೀಗಡಿಗಳು ನೂರಾರು, ಬೆನ್ನು ಬಗ್ಗಿಸಿ ಕಲ್ಲಿನಿಂದ ಕಲ್ಲಿಗೆ ಹಾರುತ್ತಿದ್ದವು. ಸಾಸಿವೆಯಷ್ಟು ಬಸವನಹುಳುಗಳು ಗಾಜಿನ ಮೇಲೆ ನಡೆದು ಹಿಂದೆ ಸಣ್ಣ ದಾರಿ ಬಿಟ್ಟಿದ್ದವು. ಮರಳಿನೊಳಗೆ ಗಾಜಿಗೆ ಒತ್ತಿಕೊಂಡಂತೆ ದಾರದಷ್ಟು ತೆಳ್ಳಗಿನ ಸುರಂಗಗಳು, ಒಂದರಲ್ಲಿ ಯಾರೋ ಓಡಾಡುತ್ತಿದ್ದರು. ನೀರು ಇಳಿದಿದ್ದ ಹೊತ್ತಲ್ಲೂ ಗಾಜಿನ ಒಳಗಿನ ಏರಿಕೆಯ ಗೆರೆ ಕಾಣುತ್ತಿತ್ತು. ಅಪ್ಪ ಬೆರಳಿಟ್ಟು ಅಳೆದ. ಒಂಬತ್ತು ಬೆರಳು. ಊರಲ್ಲೇ ಯಾರ ಮನೆಯಲ್ಲೂ ಐದರ ಮೇಲೆ ಏರಿದ್ದನ್ನು ನಾವು ಕೇಳಿರಲಿಲ್ಲ.

"ಇವನ್ನೆಲ್ಲ ಯಾರು ತಂದು ಬಿಟ್ರು?" ಎಂದ ಅಪ್ಪ.

"ಯಾರೂ ಇಲ್ಲ."

"ಯಾರೂ ಇಲ್ದೆ ಹೆಂಗೆ ಓಬಕ್ಕ?"

"ನನ್ನನ್ನೇನು ಕೇಳ್ತೀಯ, ಮೇಸ್ತ್ರಿ ನೀನು" ಎಂದಳು. ಆಮೇಲೆ ದನಿ ತಗ್ಗಿಸಿ, "ಮೀನಿದ್ದಾಗ ನಾನು ಬರೀ ಮೀನು ನೋಡ್ತಿದ್ದೆ. ಅದು ಹೋದ್ಮೇಲೆ ನೋಡೋಕೆ ಏನೂ ಇರ್ಲಿಲ್ಲ. ಆದ್ರೂ ಕೂತ್ಕಂಡು ನೋಡ್ದೆ. ಎರಡ್ನೇ ವರ್ಷ ಒಂದು ಗರಿ ಕಾಣಿಸ್ತು" ಎಂದಳು.

ಅಪ್ಪ ಗಾಜಿಗೆ ಮೂಗು ತಗುಲುವಷ್ಟು ಬಗ್ಗಿದ್ದ. ಯಾರ ಮನೆಯ ತೊಟ್ಟಿಯ ಮುಂದೆ ನಿಂತರೂ ಏನಾದರೊಂದು ಕೊರತೆ ಎತ್ತಿ ಹೇಳುವವನು ಅಂದು ಒಂದನ್ನೂ ಎತ್ತಲಿಲ್ಲ.

ಓಬಕ್ಕ ರವಿಕೆಯ ತೋಳು ಮೇಲಕ್ಕೆ ಮಡಚಿ, ಮೊಣಕೈವರೆಗೆ ನೀರಿಗೆ ಕೈ ಹಾಕಿ, ಮರಳಲ್ಲ, ಒಂದು ಇಡೀ ಕಲ್ಲನ್ನೇ ಎತ್ತಿ ಬಟ್ಟಲಿಗಿಟ್ಟಳು. ಅದರ ಮೇಲೆ ಎರಡು ಹಿಡಿ ಮರಳು. ಅಪ್ಪ ಬೇಡ ಬೇಡ ಎನ್ನುವಷ್ಟರಲ್ಲಿ "ಇದಕ್ಕೂ ಹತ್ತು ದಿನ ಹಿಡೀತದೆ. ನಿನ್ನ ಮೀನು ಹತ್ತು ದಿನ ಇರ್ತದಾ?" ಎಂದು ಕೇಳಿದಳು.

ಅಪ್ಪ ಇಲ್ಲವೆಂದು ತಲೆಯಾಡಿಸಿದ.

ಅವಳು ತನ್ನ ತೊಟ್ಟಿಯ ಕಡೆ ನೋಡಿದಳು. ಅವಳು ಏನು ಲೆಕ್ಕ ಹಾಕುತ್ತಿದ್ದಳೆಂದು ನನಗೆ ಆಗ ಹೊಳೆಯಿತು. ಇಲ್ಲಿ ಕಚ್ಚುವ ಬೇರೆ ಮೀನಿಲ್ಲ. ಆದರೆ ಕೆಂಚ ಬಂದರೆ ಆ ಅಕ್ಕಿಕಾಳಿನಂಥ ಸೀಗಡಿಗಳೆಲ್ಲ ಅವನ ಹೊಟ್ಟೆಗೆ. ಅಪ್ಪನಿಗೂ ಹೊಳೆದಿರಬೇಕು. "ಬೇಡ ಓಬಕ್ಕ, ಅಷ್ಟು ಕೇಳೋಕೆ ಬಂದಿಲ್ಲ ನಾನು" ಎಂದ.

"ನೀನು ಕೇಳಿದ್ದನ್ನು ಕೊಟ್ಟಾಯ್ತು. ಇದು ಬೇರೆ" ಎಂದಳು ಓಬಕ್ಕ. "ದಾಕ್ಷಿ, ಮೀನು ತಾ. ಬೇಗ."

ಕೆಂಚನನ್ನು ಅವಳ ನೀರಿಗೆ ಹೊಂದಿಸಲು ಎರಡು ಗಂಟೆ ಹಿಡಿಯಿತು. ಲೋಟದಲ್ಲಿ ಹನಿ ಹನಿಯಾಗಿ ಬೆರೆಸಬೇಕು. ಬಿಟ್ಟಾಗ ಅವನು ತಳಕ್ಕೆ ಮುಳುಗಿ ಒಂದು ಕಲ್ಲಿಗೆ ಒರಗಿದ. ಆಗಲೇ ಅವಳ ಏರಿಕೆ ಶುರುವಾಯಿತು. ನೀರು ಬೆರಳು ಬೆರಳಾಗಿ ಎದ್ದು ಬಂತು, ಐದು ದಾಟಿತು, ಏಳು ದಾಟಿತು. ನಾವು ನಮ್ಮ ಮನೆಯ ತೊಟ್ಟಿಯ ಅಳತೆಗೆ ಒಗ್ಗಿದವರು, ಇನ್ನೇನು ಚೆಲ್ಲುತ್ತದೆ ಎಂದು ಹಿಂದೆ ಸರಿದೆವು. ಚೆಲ್ಲಲಿಲ್ಲ. ಒಂಬತ್ತಕ್ಕೆ ಬಂದು ತುಂಬಿದ ಹಾಗೆ ನಿಂತಿತು. ಕೆಂಚ ನೆಟ್ಟಗಾಗಿದ್ದ. ಅವನ ಮೂಗಿನ ಮುಂದೆ ಒಂದು ಅಕ್ಕಿಕಾಳು ಹಾರಿತು. ಅವನು ಅದನ್ನು ತಿಂದ. ಓಬಕ್ಕ ಮುಖ ಬೇರೆ ಕಡೆ ತಿರುಗಿಸಿದಳು.

ನಮ್ಮ ತೊಟ್ಟಿಗೆ ಕಲ್ಲು ಹಾಕಿದ ಮೂರನೆಯ ದಿನ ಹಸಿರು ತಿಳಿಯಾಯಿತು, ಐದನೆಯ ದಿನ ಹಳದಿ. ಮತ್ತೊಂದು ಮದ್ದಿಗೆ ಎರಡನೆಯ ವಿಷದ ನೇರಳೆ ಬಂತು, ಹನ್ನೊಂದನೆಯ ದಿನ ಅದೂ ಹೋಗಿ ನಳಿಕೆಯಲ್ಲಿ ಮುಂಜಾನೆಯ ಆಕಾಶದಂಥ ತಿಳಿ ನೀಲಿ ಉಳಿಯಿತು. ಅಂದು ಶಾಲೆಗೆ ರಜೆ. ಒಂದೂವರೆಗೆ ಬೀದಿ ಸುಮ್ಮನಾಯಿತು. ಅವ್ವ ಸೌಟು ಹಿಡಿದುಕೊಂಡೇ ಬಂದಳು. ಬಹಳ ಹೊತ್ತು ಏನೂ ಇಲ್ಲ. ಬೀದಿಯಲ್ಲಿ ಮತ್ತೆ ಮಾತು ಶುರುವಾಯಿತು. ಅಪ್ಪ ಎದ್ದು ನಿಂತ. ಆಗ ಗಾಜಿನ ಮೇಲೆ, ನೀರಿನ ಅಂಚಿನಲ್ಲಿ ಅಂಟಿದ್ದ ಒಂದು ಉಪ್ಪಿನ ಹರಳು ಒದ್ದೆಯಾಯಿತು. ಕರಗಿತು. ಅದರ ಮೇಲಿನದೂ ಕರಗಿತು.

"ಬಂತು" ಎಂದಳು ಅವ್ವ, ಯಾರೋ ಮಲಗಿದ್ದಾರೆಂಬಂತೆ ಮೆಲ್ಲಗೆ.

ಒಂದೇ ಬೆರಳು ಏರಿತು. ಕೊಳೆತ ಒಂದು ಸೀಗಡಿ, ಯಾರಿಗೂ ಕಾಣದವರ ಒಂದು ಹಿಡಿ, ಮತ್ತು ಎರಡು ದಿನದ ದಾರಿಯಾಚೆ ಎಲ್ಲೋ ಗದ್ದಲ ಮಾಡುತ್ತಿರುವ ಒಂದು ಸಮುದ್ರ: ಈ ಮೂವರು ಹೇಗೆ ಒಬ್ಬರ ಮಾತು ಒಬ್ಬರು ಕೇಳುತ್ತಾರೋ ನನಗೆ ಗೊತ್ತಿಲ್ಲ.

ಅಂದೇ ಸಂಜೆ ಅಪ್ಪ ಕೆಂಚನನ್ನು ಮನೆಗೆ ತಂದ. ಅವನು ಮೈತುಂಬಿಕೊಂಡು, ಹೊಳೆಯುತ್ತ, ಅಪ್ಪನ ಬೆರಳಿಗೆ ಹಸಿವಿಲ್ಲದ ಗಿರಾಕಿಯ ಹಾಗೆ ಮೂಗು ಮುಟ್ಟಿಸಿ ಹೋದ. ಓಬಕ್ಕನ ತೊಟ್ಟಿಯಲ್ಲಿ ಒಂದೂ ಅಕ್ಕಿಕಾಳು ಉಳಿದಿರಲಿಲ್ಲ. ಗರಿಹುಳಗಳು ಕೂಡ ಹೆದರಿ ಒಳಗೆ ಸೇರಿಕೊಂಡಿದ್ದವು. ಕಲ್ಲುಗಳು ಬಣ್ಣವಿದ್ದೂ ಬರಿದಾಗಿ ಕಂಡವು.

"ಮತ್ತೆ ಬರ್ತವೆ ಬಿಡು" ಎಂದಳು ಅವಳು. "ಮೊದಲು ಯಾರು ಕರೆದಿದ್ರು ಅವನ್ನ?"

ಮರುದಿನ ಕೆಲಸ ಮುಗಿಸಿ ಬಂದ ಅಪ್ಪ ನಮ್ಮ ಮನೆಗೆ ಬರದೆ ನೇರ ಎದುರುಮನೆಗೆ ಹೋದ. ಅದರ ಮರುದಿನವೂ. ಕೂತು ಏನು ಮಾಡ್ತಾನೆ ಅಲ್ಲಿ ಎಂದು ಅವ್ವ ಕೇಳಿದಳು. ನಾನು ನೋಡಲು ಹೋದೆ. ಏನೂ ಮಾಡುತ್ತಿರಲಿಲ್ಲ. ಪರದೆ ಪೂರ್ತಿ ಸರಿದಿತ್ತು, ಓಬಕ್ಕ ಹುಣಸೆ ಬಿಡಿಸುತ್ತಿದ್ದಳು, ಅಪ್ಪ ಕುಕ್ಕುರುಗಾಲಲ್ಲಿ ಕೂತು ಖಾಲಿ ಗಾಜು ನೋಡುತ್ತಿದ್ದ. ಹೀಗೆ ಮಳೆಗಾಲ ಹೋಯಿತು, ಚಳಿ ಬಂತು. ಅವನು ಬಿಡಲಿಲ್ಲ. ಮೊದಮೊದಲು ಬೀದಿಯವರು ಗೇಲಿ ಮಾಡಿದರು, ಆಮೇಲೆ ಅವರೂ ಒಬ್ಬೊಬ್ಬರಾಗಿ ಬಂದು ಸ್ವಲ್ಪ ಹೊತ್ತು ಕೂತು ಹೋಗತೊಡಗಿದರು.

ಒಂದು ದಿನ ನಾನು ಶಾಲೆಯಿಂದ ಬರುವಾಗ ಓಬಕ್ಕನ ಬಾಗಿಲಲ್ಲಿ ಅವ್ವ ನಿಂತಿದ್ದಳು. ಬಾಯಿ ಮೇಲೆ ಬೆರಳಿಟ್ಟು ಒಳಗೆ ಕರೆದಳು. ಅಪ್ಪ ಕಲ್ಲಿಗಿಂತ ಕಲ್ಲಾಗಿ ಕೂತಿದ್ದ. ಅವನ ಮುಖದೆದುರು, ಗಾಜಿನಾಚೆ, ಉಗುರಿನಷ್ಟಿರುವ ಒಂದು ಕೆಂಪು ಗರಿ ಅರ್ಧ ಬಿಚ್ಚಿ ಅನುಮಾನಿಸುತ್ತಿತ್ತು.

"ಉಸಿರಾಡಬೇಡ, ಒಳಗೆ ಹೋಯ್ತದೆ" ಎಂದಳು ಓಬಕ್ಕ.

ಅಪ್ಪ ಉಸಿರು ಹಿಡಿದ. ನಾವೆಲ್ಲರೂ ಹಿಡಿದೆವು.